ಪ್ರತಿ ಸುತ್ತಿಗೂ ಒಂದು ನಿಮಿಷ

ಇಪ್ಪತ್ತೆರಡು ವರ್ಷಗಳಿಂದ ನಾನು ಜನರ ಎದೆಗೆ ಬಟ್ಟಲು ಅಂಟಿಸುವ ಕೆಲಸ ಮಾಡುತ್ತಿದ್ದೇನೆ. ಆಸ್ಪತ್ರೆಯ ಎರಡನೇ ಮಹಡಿ, ಕಿಟಕಿಯಿಲ್ಲದ ಕೋಣೆ, ಒಂದು ಮಂಚ, ಒಂದು ಇಸಿಜಿ ಯಂತ್ರ, ನಾನು. ಬಂದವರನ್ನು ಮಲಗಿಸಿ, ತಣ್ಣನೆಯ ಜೆಲ್ಲಿ ಸವರಿ, ಕೈಕಾಲಿಗೆ ಕ್ಲಿಪ್ಪು ಹಾಕಿ, "ಅಲ್ಲಾಡ್ಬೇಡಿ, ಮಾತಾಡ್ಬೇಡಿ" ಎಂದರೆ ಮುಗಿಯಿತು. ಮಿಕ್ಕಿದ್ದನ್ನು ಕಾಗದವೇ ಹೇಳುತ್ತದೆ. ಎಂಥ ಜಂಭದ ಮನುಷ್ಯನಾದರೂ ಅಂಗಿ ಬಿಚ್ಚಿ ಆ ಮಂಚದ ಮೇಲೆ ಮಲಗಿದರೆ ಮೆತ್ತಗಾಗುತ್ತಾನೆ. ಅದನ್ನು ನೋಡಿ ನೋಡಿಯೇ ಇರಬೇಕು, ನನಗೆ ಯಾರ ಮುಲಾಜೂ ಇಲ್ಲದ ಹಾಗಾಗಿ, ಬಾಯಿ ಜೋರು ಎಂಬ ಹೆಸರೂ ಬಂದಿದೆ. ಅಣ್ಣ ನನ್ನನ್ನು ಕರೆಯುವುದೇ 'ಗೆರೆ ಪಂಡಿತೆ' ಎಂದು.

ಅಣ್ಣ ಲಿಫ್ಟ್ ಮೆಕ್ಯಾನಿಕ್. ದೊಡ್ಡ ದೊಡ್ಡ ಕಟ್ಟಡಗಳ ಲಿಫ್ಟುಗಳನ್ನು ಸರಿಮಾಡಿ, ತಾನು ಮಾತ್ರ ಮೆಟ್ಟಿಲಿಳಿದು ಬರುವ ಆಸಾಮಿ. ವಯಸ್ಸು ಐವತ್ತಮೂರು. ಹದಿಮೂರು ವರ್ಷಗಳಿಂದ ಓಡುತ್ತಿದ್ದಾನೆ. ಮೊದಲು ಮನೆಯ ಸುತ್ತಮುತ್ತ ಓಡಿದ, ಆಮೇಲೆ ಹತ್ತು ಕಿಲೋಮೀಟರು, ಆಮೇಲೆ ನಲವತ್ತೆರಡು. ಈ ವರ್ಷ ನೂರು ಕಿಲೋಮೀಟರಿನ ಓಟಕ್ಕೆ ಹೆಸರು ಕೊಟ್ಟುಬಿಟ್ಟಿದ್ದ. ಅದಕ್ಕೆಂದು ವಾರಕ್ಕೆ ನೂರಿಪ್ಪತ್ತು ಕಿಲೋಮೀಟರು ಓಡಲು ಶುರು ಮಾಡಿದ ಮೇಲೆ ಅವನ ಕೆನ್ನೆ ಒಳಕ್ಕೆ ಹೋಯಿತು, ಹೆಬ್ಬೆರಳಿನ ಉಗುರುಗಳು ಕಪ್ಪಾಗಿ ಉದುರಿದವು. ಉದುರಿದ ಉಗುರನ್ನು ಅಂಗೈಯಲ್ಲಿಟ್ಟುಕೊಂಡು ಬಹುಮಾನ ಬಂದವನ ಹಾಗೆ ನನಗೆ ತೋರಿಸಿದ್ದ.

ಈ ಓಟದ ಬೇರು ಎಲ್ಲಿದೆ ಎಂದು ನನಗೆ ಗೊತ್ತು. ನಮ್ಮಪ್ಪ ಹೋದದ್ದೂ ಐವತ್ತಮೂರಕ್ಕೇ. ಸಂಜೆ ಕಚೇರಿಯಿಂದ ಬಂದು, ಬೂಟು ಬಿಚ್ಚಿ, ಪೇಪರು ಹಿಡಿದು ಕುರ್ಚಿಯಲ್ಲಿ ಕೂತವರು ಕೂತ ಹಾಗೇ ಹೋಗಿಬಿಟ್ಟಿದ್ದರು. ಅಮ್ಮ ಟೀ ತಂದು ಎರಡು ಸಲ ಕರೆದಳು. ಆಗ ಅಣ್ಣನಿಗೆ ಇಪ್ಪತ್ತು, ನನಗೆ ಹದಿನಾರು. ಬೆಳೆದ ಮೇಲೆ ನಾನು ಎದೆಯ ಗೆರೆ ಓದುವ ಕೆಲಸ ಹುಡುಕಿಕೊಂಡೆ, ಅವನು ನಲವತ್ತು ತುಂಬಿದ ದಿನ ಬೂಟು ಕೊಂಡ. ಇಬ್ಬರದೂ ಒಂದೇ ಹೆದರಿಕೆ, ಹಿಡಿದ ದಾರಿ ಮಾತ್ರ ಬೇರೆ.

ಭಾನುವಾರ ಮಧ್ಯಾಹ್ನ ನನ್ನ ಊಟ ಅಣ್ಣನ ಮನೆಯಲ್ಲಿ. ಆವತ್ತು ಅವನು ನಲವತ್ತೈದು ಕಿಲೋಮೀಟರು ಓಡಿ ಬಂದು, ಮೆಟ್ಟಿಲು ಇಳಿಯಲಾಗದೆ ಹಿಂದುಮುಂದಾಗಿ ಇಳಿದು, ತಟ್ಟೆಯ ಮುಂದೆ ಕೂತಿದ್ದ. ನನಗೆ ತಡೆಯಲಾಗಲಿಲ್ಲ.

"ಅತಿಯಾದ್ರೆ ಅಮೃತಾನೂ ವಿಷ ಅಂತಾರೆ ಅಣ್ಣ. ನೂರು ಕಿಲೋಮೀಟರ್ ಬಸ್ಸಲ್ಲಿ ಹೋದ್ರೇ ಮೈಕೈ ನೋವು ಬರುತ್ತೆ. ನಮ್ಮ ಮಂಚದ ಮೇಲೆ ಎಂಥೆಂಥ ಗಟ್ಟಿಗರು ಬಂದು ಮಲಗ್ತಾರೆ ಅಂತ ನಿನಗೇನು ಗೊತ್ತು?"

"ಅಪ್ಪ ಓಡಿ ಸತ್ರಾ?" ಅಂದ ಅಣ್ಣ, ತಟ್ಟೆಯಿಂದ ಕಣ್ಣೆತ್ತದೆ. "ಕೂತು ಸತ್ರು."

"ಅದಕ್ಕೆ ನೀನು ಓಡಿ ಸಾಯ್ಬೇಕಾ?"

"ಊಟದ ಹೊತ್ತಲ್ಲಿ ಸಾವಿನ ಮಾತು ಯಾಕೆ? ಇಬ್ರೂ ಇನ್ನೊಂಚೂರು ಬಡಿಸ್ಕೊಳ್ಳಿ," ಅಂದರು ಅತ್ತಿಗೆ.

ಅತ್ತಿಗೆಯ ಬಗ್ಗೆ ಹೇಳಲು ಹೆಚ್ಚೇನೂ ಇಲ್ಲ ಎಂದು ಆವತ್ತಿನ ನಾನು ಹೇಳುತ್ತಿದ್ದೆ. ಮನೆಯ ಮುಂದಿನ ಕೋಣೆಯೇ ಅವರ ಇಸ್ತ್ರಿ ಅಂಗಡಿ. ಎರಡು ಹೋಟೆಲುಗಳ ಮೇಜುಬಟ್ಟೆ, ನಮ್ಮ ಆಸ್ಪತ್ರೆಯ ಬಿಳಿ ಕೋಟುಗಳು, ಬೀದಿಯ ಜನರ ಅಂಗಿ, ಎಲ್ಲವೂ ಅವರ ಹಲಗೆಯ ಮೇಲೆ ಹಾದುಹೋಗಬೇಕು. ಬೆಳಗ್ಗೆ ಐದೂವರೆಗೆ ನಿಂತರೆ ರಾತ್ರಿ ಅಡುಗೆಯ ಹೊತ್ತಿನವರೆಗೂ ನಿಂತೇ ಇರುತ್ತಾರೆ. ನಮ್ಮಿಬ್ಬರ ಜಗಳದಲ್ಲಿ ಯಾವತ್ತೂ ಯಾರ ಪರವನ್ನೂ ವಹಿಸಿದವರಲ್ಲ.

ಮಾತಿನಿಂದ ಬಗ್ಗದವನಿಗೆ ಯಂತ್ರವೇ ಮದ್ದು ಎಂದುಕೊಂಡು ನಾನು ಅಣ್ಣನ ಹುಟ್ಟುಹಬ್ಬಕ್ಕೆ ಕೈಗಡಿಯಾರವೊಂದನ್ನು ಕೊಟ್ಟೆ. ನಾಡಿಬಡಿತ ಎಣಿಸಿ, ಹೆಜ್ಜೆ ಲೆಕ್ಕ ಹಾಕಿ, ಎಲ್ಲವನ್ನೂ ನನ್ನ ಫೋನಿಗೆ ಕಳಿಸುವಂಥದ್ದು. ಎಲ್ಲಿ ಓಡುತ್ತಿದ್ದಾನೆ ಎಂದು ತೋರಿಸುವ ದುಬಾರಿಯದಲ್ಲ, ಸಾಧಾರಣದ್ದು. ಮೊದಲ ವಾರ ನಾನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದೆ. ಬಡಿತ ನೂರೈವತ್ತು ದಾಟಿದರೆ ಫೋನು, ನೂರರವತ್ತು ದಾಟಿದರೆ ಬೈಗುಳ. ಓಡುತ್ತಾ ಓಡುತ್ತಾ ಅವನು "ಇಡೇ ಫೋನು!" ಎಂದು ಏದುಸಿರಲ್ಲಿ ಕೂಗುತ್ತಿದ್ದ.

ಎರಡನೇ ವಾರದಿಂದ ಗ್ರಾಫು ತಣ್ಣಗಾಯಿತು. ಬೆಳಗಿನ ಎರಡು ಗಂಟೆ ಸಾವಿರಾರು ಹೆಜ್ಜೆ ಬೀಳುತ್ತಿದ್ದವು, ಆದರೆ ನಾಡಿ ತೊಂಬತ್ತೈದು, ನೂರು, ಅಷ್ಟೇ. ನನ್ನ ಮಾತು ಕೇಳಿ ನಿಧಾನ ಓಡುತ್ತಿದ್ದಾನೆ ಎಂದು ನನಗೆ ಹಿಗ್ಗೋ ಹಿಗ್ಗು. ಕೆಲಸದ ಜಾಗದಲ್ಲಿ ನಾಲ್ಕು ಜನಕ್ಕೆ ಹೇಳಿಕೊಂಡೂ ಬಂದೆ.

ಮೂರನೇ ವಾರದ ಒಂದು ಬೆಳಗ್ಗೆ, ತೊಂಬತ್ತಾರರಲ್ಲಿದ್ದ ನಾಡಿ ಒಂದೇ ಏಟಿಗೆ ನೂರರವತ್ತಕ್ಕೆ ನೆಗೆಯಿತು. ಓಡುವವನ ನಾಡಿ ಹಾಗೆ ನೆಗೆಯುವುದಿಲ್ಲ, ಮೆಟ್ಟಿಲು ಹತ್ತಿದ ಹಾಗೆ ಏರುತ್ತದೆ. ಹನ್ನೊಂದು ನಿಮಿಷ ನೂರನಲವತ್ತಕ್ಕೂ ನೂರೆಪ್ಪತ್ತಕ್ಕೂ ನಡುವೆ ಕುಣಿದು, ಮತ್ತೆ ಧಡಕ್ಕನೆ ಕೆಳಗಿಳಿಯಿತು. ಎರಡು ದಿನ ಬಿಟ್ಟು ಮತ್ತೊಮ್ಮೆ ಹಾಗೇ ಆಯಿತು. ಮರುದಿನ ಇನ್ನೊಮ್ಮೆ. ನನ್ನ ಎದೆಯಲ್ಲಿ ಅವಲಕ್ಕಿ ಕುಟ್ಟತೊಡಗಿತು. ಇಂಥ ನೆಗೆತ ಕಂಡವರನ್ನು ನಮ್ಮ ಕೋಣೆಯಿಂದ ನೇರ ಡಾಕ್ಟರ ಬಳಿಗೆ ಗಾಲಿಕುರ್ಚಿಯಲ್ಲಿ ತಳ್ಳಿಕೊಂಡು ಹೋಗುತ್ತೇವೆ.

ಅಣ್ಣನ ಮುಂದೆ ಫೋನು ಹಿಡಿದೆ. ಅವನು ನೋಡಿ, ಯಾಕೋ ತುಟಿಯಂಚಲ್ಲೇ ನಕ್ಕ.

"ನನಗೇನೂ ಆಗಿಲ್ಲ ಕಣೇ. ಗಡಿಯಾರ ಹಾಳಾಗಿರ್ಬೇಕು."

"ನಗ್ಬೇಡ. ಓಟ ನಡೆಸೋರಿಗೆ ಇಸಿಜಿ ಸಮೇತ ಡಾಕ್ಟರ ಸಹಿ ಬೇಕು ತಾನೇ? ನಮ್ಮ ಡಾಕ್ಟರ ಹತ್ರ ಬರದೆ ಅದು ನಿನಗೆ ಹೇಗೆ ಸಿಗುತ್ತೆ ನಾನೂ ನೋಡ್ತೀನಿ."

ಸಹಿಯ ಮಾತು ನಾಟಿತು. ಮರುದಿನವೇ ಬಂದು ನನ್ನ ಮಂಚದ ಮೇಲೆ ಮಲಗಿದ. ಅವನ ಪಕ್ಕೆಲುಬುಗಳ ನಡುವೆ ಬಟ್ಟಲು ಕೂರಿಸಿದೆ. ಕಾಗದ ಹೊರಬಂತು. ನಾಡಿ ನಲವತ್ತೆರಡು, ಗೆರೆ ದಾರ ಹಿಡಿದು ಎಳೆದಷ್ಟು ನೀಟು. ಬಾಯಿ ತೆರೆದರೆ ಅತ್ತುಬಿಡುತ್ತೇನೆಂದು, "ಎದ್ದೇಳು, ಜೆಲ್ಲಿ ಒರೆಸ್ಕೋ," ಎಂದಷ್ಟೇ ಅಂದೆ.

ನಮ್ಮ ಹೃದಯದ ಡಾಕ್ಟರು ನನಗಿಂತ ಹದಿನೈದು ವರ್ಷ ಚಿಕ್ಕವರು, ನನ್ನನ್ನು ಅಕ್ಕ ಎನ್ನುತ್ತಾರೆ. ಎಕೋ ಸ್ಕ್ಯಾನ್ ಮಾಡಿ, ಪರದೆಯನ್ನು ಅಣ್ಣನ ಕಡೆ ತಿರುಗಿಸಿದರು.

"ಓಡೋರ ಹೃದಯ ಸ್ವಲ್ಪ ದೊಡ್ಡದಾಗುತ್ತೆ, ನಿಧಾನವಾಗಿ ಬಡಿಯುತ್ತೆ. ಅದು ಕಾಯಿಲೆ ಅಲ್ಲ. ಆದ್ರೆ ಈ ಮೇಲಿನ ಕೋಣೆ ಅಗತ್ಯಕ್ಕಿಂತ ಒಂಚೂರು ಹಿಗ್ಗಿದೆ, ನೋಡಿ."

"ಓಟ ಬಿಡ್ಬೇಕಾ ಡಾಕ್ಟ್ರೇ?" ಅಣ್ಣನ ದನಿ ಸಣ್ಣದಾಗಿತ್ತು. ನೂರು ಕಿಲೋಮೀಟರು ಓಡುವವನು ಇಷ್ಟು ಹೆದರಿದ್ದನ್ನು ನಾನು ಕಂಡಿರಲಿಲ್ಲ.

"ನಾನು ಹಾಗಂದ್ನಾ? ಓಡದೆ ಕೂತು ಕೆಟ್ಟೋರು ನನ್ನ ಹತ್ರ ದಿನಕ್ಕೆ ಮೂವತ್ತು ಜನ ಬರ್ತಾರೆ. ಓಡಿ ಕೆಟ್ಟೋರು ಅಪರೂಪ. ಆದ್ರೆ ಇಲ್ಲವೇ ಇಲ್ಲ ಅಂತಲ್ಲ. ವರ್ಷಗಟ್ಟಲೆ ವಿಶ್ರಾಂತಿ ಕೊಡ್ದೆ ದುಡಿಸಿದ್ರೆ ಕೆಲವರಿಗೆ ಬಡಿತದ ತಾಳ ತಪ್ಪುತ್ತೆ. ಯಾರಿಗೆ ತಪ್ಪುತ್ತೆ, ಯಾರಿಗಿಲ್ಲ ಅಂತ ಮೊದ್ಲೇ ಹೇಳೋಕೆ ನನಗೂ ಬರಲ್ಲ. ವಾರಕ್ಕೆರಡು ದಿನ ಸುಮ್ನೆ ಇರೋದು ಕಲೀರಿ. ಅಕ್ಕ ತೋರಿಸಿದ ನೆಗೆತ ನಿಮ್ಮದೇ ಹೌದಾ ಅಂತ ಒಂದು ದಿನ ಯಂತ್ರ ಕಟ್ಟಿ ನೋಡೋಣ. ದಿನಾ ಮಾಡೋದನ್ನೆಲ್ಲ ಮಾಡಿ, ಓಡಿ ಕೂಡ."

ಇಪ್ಪತ್ತನಾಲ್ಕು ಗಂಟೆ ಎದೆಗಂಟಿಕೊಂಡು ಪ್ರತಿ ಬಡಿತವನ್ನೂ ಬರೆದುಕೊಳ್ಳುವ ಪುಟ್ಟ ಯಂತ್ರ ಅದು. ಮರುದಿನ ಅವನು ಅದನ್ನು ತಂದುಕೊಟ್ಟಾಗ ನಾನೇ ಕಂಪ್ಯೂಟರಿಗೆ ಹಾಕಿ ನೋಡಿದೆ. ಬೆಳಗ್ಗೆ ಆರು ಹತ್ತಕ್ಕೆ ಅಣ್ಣನ ಹೃದಯ ನೂರಹದಿನೆಂಟರಲ್ಲಿ ಸಮವಾಗಿ, ಸೊಗಸಾಗಿ ಬಡಿಯುತ್ತಿತ್ತು. ಅದೇ ಆರು ಹತ್ತಕ್ಕೆ ನನ್ನ ಫೋನಿನಲ್ಲಿ ನೂರೈವತ್ತೇಳು, ಗೀಚುಗೀಚು.

"ಒಂದೇ ಮೈಗೆ ಎರಡು ಹೃದಯ ಇರಲ್ಲ ಅಕ್ಕ," ಎಂದು ಡಾಕ್ಟರು ಸಹಿ ಹಾಕುತ್ತಾ ನಕ್ಕರು. "ಗಡಿಯಾರ ಕೆಟ್ಟಿದೆ. ಎಸೀರಿ."

ಎಸೆಯುವುದೇನು, ಮಾರಿದ ಅಂಗಡಿಯವನ ಮುಖಕ್ಕೇ ಎಸೆದು ಬರುತ್ತೇನೆಂದು, ಅದನ್ನು ಇಸಿದುಕೊಳ್ಳಲು ಮಾರನೆಯ ಬೆಳಗ್ಗೆ ಆರೂಕಾಲಿಗೆ ಅಣ್ಣನ ಮನೆಗೆ ಹೊರಟೆ. ನನ್ನ ಮನೆಯಿಂದ ಎರಡು ಬೀದಿ. ಇಸ್ತ್ರಿ ಕೋಣೆಯಲ್ಲಿ ದೀಪ ಉರಿಯುತ್ತಿತ್ತು. ಬಾಗಿಲಲ್ಲೇ ಗಂಜಿಯ ವಾಸನೆ, ಬಿಸಿ ಹಬೆ. ಹಲಗೆಯ ಮೇಲೆ ಬಿಳಿ ಕೋಟೊಂದು ಬೆನ್ನು ಮೇಲಾಗಿ ಮಲಗಿತ್ತು. ಕಾಲರಿನ ಒಳಗೆ ಕೆಂಪು ದಾರದ ಗುರುತು ಕಂಡಿತು. ಅದು ನನ್ನದೇ ಕೋಟು.

ಅತ್ತಿಗೆ ಹಲಗೆಯ ಹಿಂದೆ ಬಟ್ಟೆಯ ಬುಟ್ಟಿಯೊಂದನ್ನು ಬೋರಲು ಹಾಕಿ ಕೂತಿದ್ದರು. ಅತ್ತಿಗೆ ಕೂತದ್ದನ್ನು ನಾನು ಆ ಕೋಣೆಯಲ್ಲಿ ಎಂದೂ ಕಂಡಿರಲಿಲ್ಲ. ನನ್ನನ್ನು ಕಂಡು ಗಡಬಡಿಸಿ ಎದ್ದು, ಬಲಗೈಯನ್ನು ಸೆರಗಿನೊಳಗೆ ಸೇರಿಸಿಕೊಂಡರು.

"ಏನದು ಕೈಯಲ್ಲಿ?"

"ಏನಿಲ್ಲ."

"ತೋರ್ಸಿ ಅತ್ತಿಗೆ."

ಕೈ ಹೊರಬಂತು. ಇಸ್ತ್ರಿ ತಿಕ್ಕುವ ಬಲಗೈಯ ಮಣಿಕಟ್ಟಿನಲ್ಲಿ, ಪಟ್ಟಿಯ ಕೊನೆಯ ತೂತಿಗೆ ಬಿಗಿದು, ನಾನು ಕೊಟ್ಟ ಗಡಿಯಾರ.

"ಬೈಬೇಡ ಮಾರಾಯ್ತಿ. ನೀನು ಫೋನ್ ಮಾಡಿ ಮಾಡಿ ಪ್ರಾಣ ತಿಂತೀಯ ಅಂತ ನಿಮ್ಮಣ್ಣ ಓಡೋಕೆ ಹೋಗುವಾಗ ನನ್ನ ಕೈಗೆ ಕಟ್ಟಿ ಹೋಗ್ತಾರೆ. ಇಸ್ತ್ರಿ ಕೈಗೇ ಕಟ್ಕೋ, ಹಿಂದೆ ಮುಂದೆ ಆಡ್ತಾ ಇರುತ್ತಲ್ಲ, ಹೆಜ್ಜೆ ಲೆಕ್ಕ ಬೀಳುತ್ತೆ ಅಂದ್ರು. ಬಂದ್ಮೇಲೆ ಅವ್ರೇ ಕಟ್ಕೊಳ್ತಾರೆ."

ನಾನು ಚಾಪೆ ಕೆಳಗೆ ತೂರಿದರೆ ಅವನು ರಂಗೋಲಿ ಕೆಳಗೆ ತೂರಿದ್ದ. ಕೋಪಕ್ಕಿಂತ ಮೊದಲು ನಗು ಬಂತು. ಎರಡು ವಾರ ನಾನು ಅಣ್ಣನ ಓಟವೆಂದು ಹಿಗ್ಗಿದ್ದು ಹೋಟೆಲಿನ ಮೇಜುಬಟ್ಟೆಗಳಿಗೆ! ಗೋಡೆ ಹಿಡಿದುಕೊಂಡು ನಕ್ಕೆ. ಅತ್ತಿಗೆಯೂ ನಕ್ಕರು. ನಗುತ್ತಾ ನಗುತ್ತಾ ಎದೆಯ ಮೇಲೆ ಅಂಗೈ ಇಟ್ಟುಕೊಂಡು ಮತ್ತೆ ಬುಟ್ಟಿಯ ಮೇಲೆ ಕೂತರು.

ಆಗ ನನ್ನ ನಗು ನಿಂತಿತು. ಗಡಿಯಾರ ಕೆಟ್ಟಿರಲಿಲ್ಲ.

ಅವರ ಕೈ ಹಿಡಿದು ಮೂರು ಬೆರಳು ಒತ್ತಿದೆ. ಎರಡು ಬಡಿತ ಒಟ್ಟೊಟ್ಟಿಗೆ ಬಂದು, ಒಂದು ತಪ್ಪಿ, ಮತ್ತೆ ನಾಲ್ಕು ದಡಬಡ ಓಡಿದವು. ಎಣಿಸಲಾಗಲಿಲ್ಲ.

"ಯಾವಾಗಿಂದ ಹೀಗೆ?"

"ಹೀಗೆ ಅಂದ್ರೆ? ಒಂದೊಂದ್ಸಲ ಎದೇಲಿ ಗುಬ್ಬಿ ಸಿಕ್ಕಾಕೊಂಡ ಹಾಗಾಗುತ್ತೆ. ಹತ್ತು ನಿಮಿಷ ಕೂತ್ರೆ ಹೋಗುತ್ತೆ. ಹಬೆಗೆ ಇರ್ಬೇಕು, ವಯಸ್ಸಿಗೆ ಇರ್ಬೇಕು. ಒಂದು ವರ್ಷ ಆಯ್ತೇನೋ."

"ಒಂದು ವರ್ಷ! ನನಗೆ ಹೇಳ್ಬಾರ್ದಾ? ನಾನೇನು ಬೀದೀಲಿ ತರಕಾರಿ ಮಾರ್ತೀನಾ?"

ಅತ್ತಿಗೆ ಮುಖ ತಗ್ಗಿಸಿ ಸೆರಗಿನ ತುದಿ ಸರಿಮಾಡಿಕೊಂಡರು. "ಭಾನುವಾರ ಭಾನುವಾರ ನೀವಿಬ್ರೂ ಅವರ ಹೃದಯದ ಬಗ್ಗೇನೇ ಮಾತಾಡ್ತಾ ಇರ್ತಿದ್ರಿ. ನಡುವೆ ನಂದೇನು ಹೇಳೋದು ಅಂತ ಸುಮ್ನಾದೆ."

ಅದರಲ್ಲಿ ದೂರು ಇರಲಿಲ್ಲ. ದೀಪದ ಬುಡದಲ್ಲಿ ಕತ್ತಲು ಎಂದು ಬಾಯಿಮಾತಿಗೆ ಎಷ್ಟು ಸಲ ಅಂದಿದ್ದೆನೋ. ದಿನಕ್ಕೆ ಐವತ್ತು ಎದೆ ನೋಡುವವಳು ನಾನು. ಆ ಐವತ್ತೂ ಎದೆ ನೋಡುವಾಗ ನನ್ನ ಮೈಮೇಲಿದ್ದದ್ದು ಈ ಹೆಂಗಸು ಗಂಜಿ ಹಾಕಿ ತಿಕ್ಕಿಕೊಟ್ಟ ಕೋಟು. ನನಗೆ ನಾಚಿಕೆಯಾಯಿತು, ಭಯವೂ ಆಯಿತು.

ಅಷ್ಟರಲ್ಲಿ ಅಣ್ಣ ಬೆವರಿಳಿಸಿಕೊಂಡು ಒಳಗೆ ಬಂದ. ಗಡಿಯಾರ ನೋಡಿ, ನನ್ನನ್ನು ನೋಡಿ, ಸಿಕ್ಕಿಬಿದ್ದ ಕಳ್ಳನ ನಗೆ ನಗಲು ಹೋದ. ನಾನು ಅವನ ಕೈಯನ್ನು ಎಳೆದು ಅತ್ತಿಗೆಯ ಮಣಿಕಟ್ಟಿನ ಮೇಲಿಟ್ಟೆ. ಅರ್ಧ ನಿಮಿಷ ಅವನು ಅಲುಗಾಡಲಿಲ್ಲ. ಅವನ ಮೂಗಿನ ತುದಿಯಿಂದ ಬೆವರು ನನ್ನ ಕೋಟಿನ ಮೇಲೆ ತೊಟ್ಟಿಕ್ಕಿತು.

"ಆ ನೆಗೆತ ಇವ್ಳದಾ?" ಎಂದ. ಆಮೇಲೆ ಹೆಂಡತಿಯನ್ನು ಕೇಳಿದ, "ಯಾಕೇ ಹೇಳ್ಲಿಲ್ಲ?"

"ಕೋಟಿನ ಮೇಲೆ ಬೆವರು ಬೀಳ್ತಿದೆ, ಆ ಕಡೆ ನಿಂತ್ಕೊಳ್ಳಿ," ಅಂದರು ಅತ್ತಿಗೆ.

ಏಳು ಗಂಟೆಗೆ ಅತ್ತಿಗೆ ನನ್ನ ಮಂಚದ ಮೇಲಿದ್ದರು. ಗುಬ್ಬಿ ಇನ್ನೂ ಹಾರಿಹೋಗಿರಲಿಲ್ಲ, ಕಾಗದದ ಮೇಲೆ ಸಿಕ್ಕಿತು. ಡಾಕ್ಟರು ಗೆರೆ ನೋಡಿ, ಬಿಪಿ ನೋಡಿ, ಹುಬ್ಬು ಗಂಟಿಕ್ಕಿದರು. ಹೃದಯದ ಮೇಲಿನ ಕೋಣೆ ತಾಳ ತಪ್ಪಿ ನಡುಗುವ ಕಾಯಿಲೆ. ಅಲ್ಲಿ ರಕ್ತ ನಿಂತು ಹೆಪ್ಪುಗಟ್ಟಿ ಮೆದುಳಿಗೆ ಹೋದರೆ ಪಾರ್ಶ್ವವಾಯು.

"ಬಿಪಿ ಎಷ್ಟು ವರ್ಷದಿಂದ ಹೀಗೆ ಏರಿ ಕೂತಿದೆಯೋ, ಯಾರೂ ನೋಡಿಲ್ಲ. ಹೆದರ್ಬೇಡಿ, ಹೆಪ್ಪುಗಟ್ಟೋಕೆ ಮೊದ್ಲೇ ಸಿಕ್ಕಿದೆ. ಮಾತ್ರೆಗೆ ಬಗ್ಗುತ್ತೆ," ಅಂದರು. ಆಮೇಲೆ ಕೇಳಿದರು: "ದಿನಕ್ಕೆ ಎಷ್ಟು ಹೊತ್ತು ನಿಂತಿರ್ತೀರಿ?"

"ಲೆಕ್ಕ ಇಟ್ಟಿಲ್ಲ. ಹತ್ತೋ ಹನ್ನೆರಡೋ ಗಂಟೆ."

"ರಜೆ?"

ಅತ್ತಿಗೆ ಅರ್ಥವಾಗದವರಂತೆ ನನ್ನ ಮುಖ ನೋಡಿದರು. ಡಾಕ್ಟರು ಅಣ್ಣನ ಕಡೆ ತಿರುಗಿದರು. "ನಿಮ್ಮ ತರಬೇತೀಲಿ ವಾರಕ್ಕೊಂದು ದಿನನಾದ್ರೂ ರಜೆ ಇತ್ತಲ್ವಾ?" ಎಂದಷ್ಟೇ ಅಂದರು. ಅಣ್ಣ ತನ್ನ ಬೂಟು ನೋಡಿಕೊಂಡ.

ಆ ಮಾತು ಅವನಿಗೆ ತಾಗಿತು. ಮಾತ್ರೆ ಶುರುವಾಗಿ, ಗುಬ್ಬಿ ಅಪರೂಪವಾಗಿ, ಎರಡು ವಾರದಲ್ಲಿ ಕಾಣದೇ ಹೋಯಿತು. ಅಂಗಡಿಗೆ ಭಾನುವಾರ, ಬುಧವಾರ ರಜೆ. ಒಂದು ಹೋಟೆಲಿನ ಬಟ್ಟೆ ಬಿಟ್ಟರು. ಅಣ್ಣ ಹಲಗೆಯ ಕಾಲುಗಳನ್ನು ಕೊಯ್ದು, ಕೂತು ತಿಕ್ಕುವ ಹಾಗೆ ಗಿಡ್ಡ ಮಾಡಿಕೊಟ್ಟ. ಲಿಫ್ಟಿನ ಹಳೆಯ ಫ್ಯಾನೊಂದನ್ನು ಹಬೆ ಹೊರಹೋಗುವಂತೆ ಕಿಟಕಿಗೆ ಕೂರಿಸಿದ. ಆದರೆ ಓಟದ ಬೂಟುಗಳನ್ನು ಕಾಗದದಲ್ಲಿ ಸುತ್ತಿ ಅಟ್ಟದ ಮೇಲೆ ಹಾಕಿಬಿಟ್ಟ. ಓಟಕ್ಕೆ ಇನ್ನು ನಾಲ್ಕು ವಾರ ಉಳಿದಿತ್ತು.

ಅವನ್ನು ಇಳಿಸಿದವರು ಅತ್ತಿಗೆಯೇ. ಸ್ಟೂಲು ಹತ್ತಿದ್ದಕ್ಕೆ ನನ್ನ ಕೈಲಿ ಬೈಸಿಕೊಂಡರು.

"ನಾನು ಕಾಯಿಲೆ ಬಿದ್ದೆ ಅಂತ ನೀವು ಮನೇಲಿ ಕೂತ್ರೆ, ಇಡೀ ದಿನ ನನ್ನ ಮುಖಾನೇ ನೋಡ್ಕೊಂಡು ಕೂತಿರ್ತೀರಿ," ಅಂದರು ಅಣ್ಣನಿಗೆ. "ಅದಕ್ಕೆ ಡಾಕ್ಟ್ರು ಮಾತ್ರೆ ಕೊಟ್ಟಿಲ್ಲ. ಓಡಿ. ಆದ್ರೆ ಅವರು ಹೇಳಿದಷ್ಟು ಓಡಿ."

ಅಣ್ಣ ನನ್ನತ್ತ ನೋಡಿದ. ಬೇಡ ಎನ್ನಲು ನನ್ನ ನಾಲಿಗೆ ತುದಿಗೆ ಬಂದಿತ್ತು. ಅವನ ಇಪ್ಪತ್ತನಾಲ್ಕು ಗಂಟೆಯ ಗೆರೆ ನೆನಪಾಯಿತು, ಆರು ಹತ್ತರ ಆ ಸೊಗಸಾದ ಬಡಿತ. ಓಟದಿಂದ ಅವನಿಗೆ ಕೆಡುಕೋ ಒಳಿತೋ ಎಂದು ನನಗೆ ಈಗಲೂ ಖಚಿತವಿಲ್ಲ. ಆದರೆ ಅದು ಓಡುತ್ತಿರುವಾಗ ಸುಖವಾಗಿದ್ದ ಹೃದಯ ಎಂದು ಗೆರೆ ಪಂಡಿತೆಯಾಗಿ ಹೇಳಬಲ್ಲೆ. "ವಾರಕ್ಕೆರಡು ದಿನ ರಜೆ, ಎದೆ ಹಿಡಿದ್ರೆ ಅಲ್ಲೇ ನಿಲ್ತೀಯ," ಎಂದು ಆಣೆ ಹಾಕಿಸಿಕೊಂಡೆ.

ಓಟ ಕೆರೆಯೊಂದರ ಸುತ್ತ. ಒಂದು ಸುತ್ತಿಗೆ ಐದು ಕಿಲೋಮೀಟರು, ಒಟ್ಟು ಇಪ್ಪತ್ತು ಸುತ್ತು. ಬೆಳಗ್ಗೆ ಐದಕ್ಕೆ ಶುರು. ಸಂಜೆ ಏಳರೊಳಗೆ ಮುಗಿಸಿದವರಿಗೆ ಪದಕ, ಆಮೇಲೆ ಬಂದವರಿಗೆ ಬರೀ ಚಪ್ಪಾಳೆ. ಸುತ್ತು ಮುಗಿಯುವ ಜಾಗದಲ್ಲಿ ಮರದ ಕೆಳಗೆ ಅತ್ತಿಗೆಗೊಂದು ಕುರ್ಚಿ ಹಾಕಿ, ನೀರಿನ ಬಾಟಲಿಗಳನ್ನು ಜೋಡಿಸಿ, ನಾನು ಪಕ್ಕದಲ್ಲಿ ಕೂತೆ.

ಮೊದಲ ಸುತ್ತು ಮುಗಿಸಿ ಬಂದ ಅಣ್ಣ ನೀರಿಗೆ ಕೈ ಚಾಚಲಿಲ್ಲ. ಅತ್ತಿಗೆಯ ಮುಂದೆ ಮಂಡಿಯೂರಿ ಅವರ ಮಣಿಕಟ್ಟು ಹಿಡಿದ. ಗಡಿಯಾರ ನೋಡುತ್ತಾ ಪೂರ್ತಿ ಒಂದು ನಿಮಿಷ ಎಣಿಸಿದ. ಅವನ ಹಿಂದೆ ಇದ್ದವರೆಲ್ಲ ಮುಂದೆ ಹೋದರು.

"ಎಪ್ಪತ್ತೆರಡು," ಎಂದ.

"ನನ್ನ ಕೈ ಎಲ್ಲಿಗೂ ಓಡಿಹೋಗಲ್ಲ, ನೀವು ಓಡ್ರಿ!" ಅಂದರು ಅತ್ತಿಗೆ. ಅಕ್ಕಪಕ್ಕದವರು ನಕ್ಕರು, ಅತ್ತಿಗೆಯ ಕಿವಿ ಕೆಂಪಾಯಿತು.

ಎರಡನೇ ಸುತ್ತಿಗೂ ನಿಂತ, ಮೂರನೆಯದಕ್ಕೂ. ಅರ್ಧ ನಿಮಿಷ ಎಣಿಸಿ ಎರಡರಿಂದ ಗುಣಿಸು, ನಾವೆಲ್ಲ ಹಾಗೇ ಮಾಡುವುದು ಎಂದು ನಾನು ಹೇಳಿಕೊಟ್ಟೆ. ಕೇಳಲಿಲ್ಲ. ಹನ್ನೊಂದನೇ ಸುತ್ತಿಗೆ ಅವನ ಹುಬ್ಬಿನ ಮೇಲೆ ಉಪ್ಪು ಬಿಳಿಯಾಗಿ ಒಣಗಿತ್ತು. ಹದಿನಾರಕ್ಕೆ ಮಂಡಿಯೂರಿದವನಿಗೆ ಏಳಲಾಗದೆ ನಾನೇ ರೆಟ್ಟೆ ಹಿಡಿದು ಎಬ್ಬಿಸಿದೆ. ಆ ನೆಪದಲ್ಲಿ ಅವನ ನಾಡಿಯನ್ನೂ ನೋಡಿದೆ, ತಾಳ ತಪ್ಪಿರಲಿಲ್ಲ. ಹತ್ತೊಂಬತ್ತರ ಹೊತ್ತಿಗೆ ಬೆಳಕು ಕಡಿಮೆಯಾಗಿತ್ತು.

"ಇದೊಂದು ಸಲ ಬಿಡಣ್ಣ, ಹೊತ್ತಾಯ್ತು!" ಎಂದು ಕೂಗಿದೆ. ಅವನು ತುಟಿ ಆಡಿಸುತ್ತಾ ಎಣಿಸುತ್ತಲೇ ಇದ್ದ. ಆಗ ನನಗೆ ಅಳು ಬಂತು, ತಡೆಯಲಿಲ್ಲ.

ಏಳು ಗಂಟೆಗೆ ಗಂಟೆ ಬಾರಿಸಿದರು. ಅಣ್ಣ ಗೆರೆ ದಾಟಿದ್ದು ಏಳು ಹನ್ನೊಂದಕ್ಕೆ. ಹತ್ತೊಂಬತ್ತು ಸಲ ನಿಂತಿದ್ದ, ಸಲಕ್ಕೊಂದು ನಿಮಿಷ. ಪದಕದ ಮೇಜಿನವರು ಪಾಪ ಎಂಬಂತೆ ನೋಡಿದರು. ಅವನು ಅವರ ಕಡೆ ತಿರುಗಲೂ ಇಲ್ಲ. ಕುಂಟುತ್ತಾ ನೇರ ಮರದ ಕೆಳಗೆ ಬಂದು, ಇಪ್ಪತ್ತನೇ ಸಲ ಅತ್ತಿಗೆಯ ಕೈ ಹಿಡಿದ.

"ಎಪ್ಪತ್ನಾಲ್ಕು."

"ಪದಕ ಹೋಯ್ತಲ್ರೀ," ಅಂದರು ಅತ್ತಿಗೆ, ಇನ್ನೊಂದು ಕೈಯಿಂದ ಅವನ ಹುಬ್ಬಿನ ಉಪ್ಪು ಒರೆಸುತ್ತಾ.

"ಹೋದ್ರೆ ಹೋಗ್ಲಿ. ಎಣಿಕೆ ತಪ್ಪಲಿಲ್ಲ."

ಅತ್ತಿಗೆ ನನ್ನ ಕಡೆ ತೋರಿಸಿ ಅವನಿಗೆ ಕಣ್ಸನ್ನೆ ಮಾಡಿದರು. ಅಣ್ಣ ನನ್ನ ಕಡೆ ಕೈ ಚಾಚಿದ.

"ಕೈ ಕೊಡು ಇಲ್ಲಿ."

"ನನಗ್ಯಾಕೆ? ನಾನೇನು ಪೇಷೆಂಟಾ?"

"ಕೊಡೇ ಗೆರೆ ಪಂಡಿತೆ."

ಕೊಟ್ಟೆ. ಇಪ್ಪತ್ತೆರಡು ವರ್ಷಗಳಲ್ಲಿ ನನ್ನ ನಾಡಿಯನ್ನು ಯಾರೂ ಹಿಡಿದಿರಲಿಲ್ಲ, ನಾನೂ ಹಿಡಿದುಕೊಂಡಿರಲಿಲ್ಲ. ಅವನ ಬೆರಳು ಬೆವರಿನಿಂದ ಅಂಟಂಟಾಗಿತ್ತು. ಪೂರ್ತಿ ಒಂದು ನಿಮಿಷ ಎಣಿಸಿದ.

"ತೊಂಬತ್ನಾಲ್ಕು. ಕೂತಲ್ಲೇ! ನಾಡಿದ್ದು ಬೆಳಗ್ಗೆ ಐದೂವರೆಗೆ ಬಾ."

"ನಾನು ಓಡಲ್ಲ."

"ಓಡು ಅಂದೋರ್ಯಾರು? ನಿಮ್ಮತ್ತಿಗೆ ಜೊತೆ ನಡಿ."

"ನಾಡಿದ್ದು ಯಾಕೆ, ನಾಳೆ ಯಾಕಲ್ಲ?" ಎಂದೆ, ಜಂಭ ಬಿಡದೆ.

"ನಾಳೆ ಭಾನುವಾರ," ಅಂದರು ಅತ್ತಿಗೆ. "ನಾಳೆ ರಜೆ."